ಜೆ.ಸಿ. ರಸ್ತೆಯ ಗಲ್ಲಿಯಲ್ಲಿ ನಾಲ್ಕು ದಿನ

ಬೆಂಗಳೂರಿನ ಟೌನ್ ಹಾಲ್ ಮುಂದೆ ನಿಂತು ಮಿನರ್ವ ಸರ್ಕಲ್ ಕಡೆ ಮುಖ ಮಾಡಿದರೆ ಎದುರಿಗಿರುವುದೇ ಜೆ.ಸಿ. ರಸ್ತೆ. ಪೂರ್ತಿ ಹೆಸರು ಜಯಚಾಮರಾಜೇಂದ್ರ ರಸ್ತೆ, ಮೈಸೂರಿನ ಕೊನೆಯ ಮಹಾರಾಜರದ್ದು. ಆಟೋದವರ ಹತ್ತಿರ ಪೂರ್ತಿ ಹೆಸರು ಹೇಳಿದರೆ ಮಾತ್ರ ಒಂದು ಗಳಿಗೆ ಯೋಚನೆ ಮಾಡ್ತಾರೆ. ನಾಟಕ ನೋಡುವವರಿಗೆ ಇದು ರವೀಂದ್ರ ಕಲಾಕ್ಷೇತ್ರದ ರಸ್ತೆ. ಕಾರು ಇಟ್ಟುಕೊಂಡವರಿಗೆ ಸೀಟ್ ಕವರ್, ಹಾರ್ನ್, ಮ್ಯಾಟು, ಹೆಡ್‌ಲೈಟುಗಳ ರಸ್ತೆ. ನಿಮ್ಮ ಕಾರು ನಿಧಾನ ಮಾಡಿತೋ ಇಲ್ಲವೋ, ಫುಟ್‌ಪಾತಿನಿಂದ ಹುಡುಗರು ಓಡಿಬಂದು ಕಿಟಕಿಗೆ ಬಗ್ಗಿ 'ಸನ್ ಫಿಲ್ಮಾ ಸಾರ್, ಸ್ಟೀರಿಯೋನಾ' ಅಂತ ಶುರು ಮಾಡ್ತಾರೆ.

ಈ ಅಂಗಡಿಗಳ ಸಾಲು ಬಿಟ್ಟು ಅಡ್ಡಗಲ್ಲಿಗಳಿಗೆ ನುಗ್ಗಿದರೆ ಬೇರೆಯದೇ ಊರು. ಅಲ್ಲಿ ಮಾರುವುದು ಕಡಿಮೆ, ರಿಪೇರಿ ಜಾಸ್ತಿ. ಒಂದು ಕಡೆ ಟಿಂಕರಿಂಗ್ ಸುತ್ತಿಗೆಯ ಟಣಟಣ, ಇನ್ನೊಂದು ಕಡೆ ಕಂಪ್ರೆಸರ್ ಸದ್ದು. ಮೂಗಿಗೆ ಮೊದಲು ಹೊಡೆಯುವುದು ಥಿನ್ನರ್ ವಾಸನೆ, ಅದರ ಹಿಂದೆಯೇ ಮೂಲೆಯ ಹೋಟೆಲಿನ ಸುಲೈಮಾನಿ ಚಹಾದ ಪರಿಮಳ. ಗೋಡೆಗೆ ಒರಗಿಸಿದ ಬಾಗಿಲುಗಳು, ಬಾನೆಟ್‌ಗಳು, ಯಾವ ಕಾರಿನದೋ ಗೊತ್ತಾಗದ ಮಡ್‌ಗಾರ್ಡ್‌ಗಳು. ಗೋಡೆಯ ಮೇಲೆ ಸ್ಪ್ರೇ ಗನ್ ಪರೀಕ್ಷೆ ಮಾಡಿ ಮಾಡಿ ಬಣ್ಣದ ಮೇಲೆ ಬಣ್ಣ ಕೂತು, ಅದು ಈಗ ಬೆರಳು ದಪ್ಪದ ಒಂದು ಪದರ. ಅದನ್ನು ಕತ್ತರಿಸಿ ನೋಡಿದರೆ ಬೆಂಗಳೂರಿನಲ್ಲಿ ಯಾವ ಕಾಲಕ್ಕೆ ಯಾವ ಬಣ್ಣದ ಕಾರು ಓಡಾಡುತ್ತಿತ್ತು ಅನ್ನುವುದು ಸಿಗಬಹುದು.

ನಾನು ಇಲ್ಲಿ ನಾಲ್ಕು ದಿನ ಕಳೆದದ್ದು ತಿಪಟೂರಿನ ಒಂದು ಫಿಯೆಟ್‌ಗಾಗಿ. 1967ರಲ್ಲಿ ನನ್ನ ತಾತ, ಅಂದರೆ ಅಮ್ಮನ ಅಪ್ಪ, ಕೊಬ್ಬರಿ ಮಂಡಿ ಚೆನ್ನಾಗಿ ನಡೆಯುತ್ತಿದ್ದ ಕಾಲದಲ್ಲಿ ತೆಗೆದುಕೊಂಡ ಫಿಯೆಟ್ 1100 ಡಿ. ಬಾಂಬೆಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಟ್ಟುತ್ತಿದ್ದ ಗಾಡಿ. 1089 ಸಿ.ಸಿ. ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್. ಇದೇ ಮುಂದೆ 70ರ ದಶಕದಲ್ಲಿ ಹೆಸರು ಬದಲಿಸಿಕೊಂಡು ಪ್ರೀಮಿಯರ್ ಪದ್ಮಿನಿ ಆಯಿತು. ನಂಬರ್ ಪ್ಲೇಟ್ ಇನ್ನೂ 'ಎಂವೈ' ಅಂತ ಶುರುವಾಗುತ್ತೆ. ರಾಜ್ಯಕ್ಕೆ ಕರ್ನಾಟಕ ಅನ್ನುವ ಹೆಸರು ಬಂದದ್ದೇ 1973ರ ನವೆಂಬರ್ 1ಕ್ಕೆ. ಬಣ್ಣ ಹಸಿರು. ಎಂಥ ಹಸಿರು ಅಂದರೆ, ಎಳನೀರಿನ ಬುರುಡೆ ಕೆತ್ತಿದಾಗ ಹೊರಸಿಪ್ಪೆಗೂ ಒಳಗಿನ ಬಿಳಿಗೂ ನಡುವೆ ಒಂದು ಗೆರೆ ಕಾಣುತ್ತಲ್ಲ, ಆ ಹಸಿರು. ಕಾಣುತ್ತಿತ್ತು ಅನ್ನಬೇಕು. ತೆಂಗಿನ ತೋಟದ ಮನೆಯ ಶೀಟಿನ ಚಾವಡಿಯಲ್ಲಿ ವರ್ಷಗಟ್ಟಲೆ ನಿಂತು, ಮೈತುಂಬ ವಿಭೂತಿ ಬಳಿದುಕೊಂಡಂತಾಗಿತ್ತು.

ಮಾವನ ಮಗಳ ಮದುವೆ ಗೊತ್ತಾದ ಮೇಲೆ ಚರ್ಚೆ ಶುರು. ಹೆಣ್ಣು ಇಳಿಯುವುದು ಇದೇ ಕಾರಿನಲ್ಲಿ ಅನ್ನುವುದರಲ್ಲಿ ಎರಡು ಮಾತಿರಲಿಲ್ಲ. ಬಣ್ಣದ ವಿಚಾರಕ್ಕೆ ಮನೆ ಎರಡಾಯಿತು. ಮಾವನ ಮಗನಿಗೆ ಮೆಟಾಲಿಕ್ ಕೆಂಪು ಬೇಕು, ಫೋಟೋದಲ್ಲಿ ಎದ್ದು ಕಾಣುತ್ತೆ ಅಂತ. ಮಾವ ಏನೂ ಹೇಳಲಿಲ್ಲ. 78 ವರ್ಷ, ಎರಡೂ ಕಣ್ಣಿನ ಪೊರೆ ತೆಗೆಸಿಯಾಗಿದೆ. ಅವರು ಹೇಳದೇ ಬಿಟ್ಟದ್ದು ಏನು ಅಂತ ಎಲ್ಲರಿಗೂ ಗೊತ್ತಿತ್ತು. ಡಿಕ್ಕಿಯ ಮೇಲೆ, ನಂಬರ್ ಪ್ಲೇಟಿಗಿಂತ ಸ್ವಲ್ಪ ಮೇಲಕ್ಕೆ, ಬಿಳಿ ಬಣ್ಣದಲ್ಲಿ 'ಶ್ರೀ ರಂಗನಾಥ ಪ್ರಸನ್ನ' ಅಂತ ಬರೆದಿದೆ. ತಾತನ ಕೈಬರಹ. ಮಂಡಿಯ ಲೆಕ್ಕದ ಪುಸ್ತಕದಲ್ಲಿ ಬರುತ್ತಿದ್ದ ಅದೇ ಗುಂಡು ಗುಂಡು ಅಕ್ಷರ, ಅದೇ ಬಾಲ ಎಳೆದ 'ಶ್ರೀ'. ಪೇಂಟರ್‌ನ ಕರೆಸದೆ ಸಣ್ಣ ಬ್ರಷ್ ಹಿಡಿದು ತಾವೇ ಬರೆದದ್ದಂತೆ.

ಮೊದಲು ವಿಚಾರಿಸಿದ್ದು ನನ್ನ ಏರಿಯಾದಲ್ಲೇ ಇರುವ ಒಂದು ಡೀಟೇಲಿಂಗ್ ಸ್ಟುಡಿಯೋದಲ್ಲಿ. ಹೆಸರು ಬೇಡ. ಏಸಿ, ಬಿಳಿ ಲೈಟು, ಕಾಫಿ ಎಲ್ಲ ಇದೆ. ಫೋಟೋ ನೋಡಿದ ಹುಡುಗ ಎರಡೇ ನಿಮಿಷದಲ್ಲಿ ಪ್ಯಾಕೇಜ್ ಹೇಳಿದ: ಪೂರ್ತಿ ಕೆರೆದು ಹೊಸ ಪೇಂಟ್, ಅದರ ಮೇಲೆ ಸೆರಾಮಿಕ್ ಕೋಟಿಂಗ್. 'ಈಗಿರೋ ಪೇಂಟ್‌ನ ಏನೂ ಮಾಡಕ್ಕಾಗಲ್ವಾ' ಅಂದರೆ 'ಕ್ಲಿಯರ್ ಕೋಟೇ ಇಲ್ಲ ಸರ್' ಅಂದ. ಅದು ನಿಜ. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಪಾರದರ್ಶಕವಾದ ಇನ್ನೊಂದು ಪದರ ಇರುತ್ತೆ. ನಾವು ಪಾಲಿಶ್ ಮಾಡುವುದೆಲ್ಲ ಅದನ್ನೇ, ಬಣ್ಣವನ್ನಲ್ಲ. ಹಳೇ ಕಾರುಗಳಲ್ಲಿ ಬಣ್ಣವೇ ಕೊನೆಯ ಪದರ. ಉಜ್ಜಿದರೆ ಬಟ್ಟೆಗೆ ಹತ್ತುವುದು ಬಣ್ಣವೇ. ಅಷ್ಟಕ್ಕೇ ಕೆರೆದು ಬಿಸಾಕಬೇಕು ಅನ್ನುವ ತೀರ್ಮಾನ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ.

ಆಫೀಸಿನ ಗೆಳೆಯನೊಬ್ಬ ತನ್ನ ಅಪ್ಪನ ಅಂಬಾಸಿಡರ್ ಮಾಡಿಸಿದ್ದ ಗಲ್ಲಿಯ ದಾರಿ ಹೇಳಿದ. ಹಾಗೆ ಫಿಯೆಟ್ಟು ಲಾರಿಯ ಬೆನ್ನೇರಿ ತಿಪಟೂರಿನಿಂದ ಸುಮಾರು 140 ಕಿಲೋಮೀಟರ್ ಬಂದು, ಬೆಳಗಿನ ಜಾವ ಜೆ.ಸಿ. ರಸ್ತೆಯ ಹಿಂದೆ ಇಳಿಯಿತು.

ಆ ಶೆಡ್ಡಿನ ಮೇಸ್ತ್ರಿಯನ್ನು ಗಲ್ಲಿಯವರೆಲ್ಲ ಭಾಯ್ ಅಂತಲೇ ಕರೆಯೋದು. ನಾನೂ ಹಾಗೇ ಕರೆದೆ. 60 ದಾಟಿದ ಮನುಷ್ಯ. ಬಲಗೈ ಬೆರಳ ತುದಿಗಳು ನುಣುಪಾಗಿ ಸವೆದಿವೆ. 'ಫೋನ್‌ನಲ್ಲಿ ಬೆರಳಚ್ಚು ತಗೊಳ್ಳಲ್ಲ ಸಾರ್, ಪಾಸ್‌ವರ್ಡೇ ಹೊಡೀಬೇಕು' ಅಂತ ನಗ್ತಾರೆ. ವರ್ಷಾನುಗಟ್ಟಲೆ ನೀರಿನಲ್ಲಿ ವಾಟರ್ ಪೇಪರ್ ಉಜ್ಜಿದ ಕೈ ಅದು.

ಮೊದಲ ದಿನ ಅವರು ಕಾರಿಗೆ ಏನೂ ಹಚ್ಚಲಿಲ್ಲ. ಪೈಪಿನ ನೀರನ್ನು ಮೆಲ್ಲಗೆ ಬಿಟ್ಟು ತೊಳೆದರು. ಪ್ರೆಷರ್ ವಾಷ್ ಯಾಕಿಲ್ಲ ಅಂದರೆ, ಐವತ್ತು ವರ್ಷದ ರಬ್ಬರು ನೀರು ತಡೆಯಲ್ಲ, ಒಳಗೆ ನುಗ್ಗಿ ತುಕ್ಕಿಗೆ ದಾರಿ ಆಗುತ್ತೆ ಅನ್ನೋ ಉತ್ತರ. ಒಣಗಿದ ಮೇಲೆ ಒಂದು ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಬಾನೆಟ್ ಸವರಿ, ನನಗೂ ಸವರಲು ಕೊಟ್ಟರು. ಬರಿಗೈಗೆ ನುಣ್ಣಗೆ ಅನ್ನಿಸಿದ್ದು ಕವರಿನ ಮೂಲಕ ರವೆ ಉದುರಿಸಿದಂತೆ ಚುಚ್ಚುತ್ತಿತ್ತು. ಅಂಟಿಕೂತ ಧೂಳು, ಮರದ ಅಂಟು. ಅದನ್ನು ಸೋಪಿನ ನೀರು ಚಿಮುಕಿಸಿ ಜೇಡಿಯಂಥ ಒಂದು ಮುದ್ದೆಯಿಂದ, ಕ್ಲೇ ಬಾರ್ ಅಂತಾರೆ, ಎತ್ತಿದರು. ಕಾಲು ಭಾಗ ಮುಗಿಯುವ ಹೊತ್ತಿಗೆ ಆ ಮುದ್ದೆ ಹಸಿರಾಗಿತ್ತು.

ಆಮೇಲೆ ತನಿಖೆ. ಡಿಕ್ಕಿಯ ಒಳಗೆ, ಯಾರಿಗೂ ಕಾಣದ ಮೂಲೆಯಲ್ಲಿ, ಥಿನ್ನರ್ ಅದ್ದಿದ ಬಟ್ಟೆಯಿಂದ ಒಂದು ಚುಕ್ಕಿ ಉಜ್ಜಿದರು. ಬಣ್ಣ ಕರಗಿ ಬಟ್ಟೆಗೆ ಬಂತು. 'ಎನ್‌ಸಿ' ಅಂದರು. ನೈಟ್ರೋಸೆಲ್ಯುಲೋಸ್ ಲ್ಯಾಕರ್. ಈ ಜಾತಿಯ ಬಣ್ಣ ಒಣಗುವುದು ಅದರೊಳಗಿನ ದ್ರಾವಕ ಆವಿಯಾಗಿ. ಹಾಗಾಗಿ ಎಷ್ಟು ವರ್ಷ ಕಳೆದರೂ ಥಿನ್ನರ್ ಬಿದ್ದರೆ ಮತ್ತೆ ಕರಗುತ್ತೆ. ಎಡಗಡೆ ಮುಂದಿನ ಮಡ್‌ಗಾರ್ಡ್ ಮೇಲೆ ಅದೇ ಪರೀಕ್ಷೆ ಮಾಡಿದಾಗ ಬಟ್ಟೆ ಬೆಳ್ಳಗೇ ಉಳಿಯಿತು. 'ಇದು ಆಮೇಲೆ ಹೊಡೆದಿದ್ದು. ಕೆಳಗೆ ಪುಟ್ಟಿ ಇದೆ.' ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಅಲ್ಲಿಟ್ಟರೆ ಜಾರಿ ಬಿತ್ತು. ಬಲಗಡೆ ಗಟ್ಟಿಯಾಗಿ ಕಚ್ಚಿಕೊಂಡಿತು. ಮಾವನಿಗೆ ಫೋನ್ ಮಾಡಿ ಕೇಳಿದೆ. '83ರಲ್ಲಿ ಎತ್ತಿನಗಾಡಿಗೆ ತಾಗಿತ್ತು ಕಣಪ್ಪಾ. ಅವರಿಗೆ ಹೆಂಗೆ ಗೊತ್ತಾಯ್ತು?' ಅಂದರು.

ನನ್ನ ಹತ್ತಿರ ಸ್ನೇಹಿತನಿಂದ ತಂದ ಪೇಂಟ್ ದಪ್ಪ ಅಳೆಯುವ ಮೀಟರ್ ಇತ್ತು. ಟಾಪ್ ಮೇಲೆ 80ರಿಂದ 95 ಮೈಕ್ರಾನ್, ಬಾಗಿಲುಗಳಲ್ಲಿ 100ರ ಸುತ್ತಮುತ್ತ, ಆ ಎಡಗಡೆ ಮಡ್‌ಗಾರ್ಡ್‌ನಲ್ಲಿ 600 ದಾಟಿತು. ಮನುಷ್ಯನ ಕೂದಲು ಹೆಚ್ಚೂಕಡಿಮೆ 70 ಮೈಕ್ರಾನ್ ಇರುತ್ತೆ. ಅಂದರೆ ಪ್ರೈಮರ್ ಎಲ್ಲ ಸೇರಿ ಒಂದು ಕೂದಲಿಗಿಂತ ಚೂರು ದಪ್ಪ, ಅಷ್ಟೇ ನಮ್ಮ ಬಂಡವಾಳ. ಭಾಯ್ ಮೀಟರ್ ನೋಡಿ ತಲೆಯಾಡಿಸಿದರು. ಅವರು ಬೆರಳಿನ ಗೆಣ್ಣಿನಿಂದ ತಟ್ಟಿ ಮೊದಲೇ ಹೇಳಿದ್ದು ಇದನ್ನೇ.

ಇಲ್ಲಿ ಒಂದು ಹಳೇ ಕಥೆ ಹೇಳಲೇಬೇಕು. ಕಾರುಗಳ ಶುರುವಿನ ದಿನಗಳಲ್ಲಿ ಕುದುರೆ ಸಾರೋಟಿಗೆ ಬಳಿಯುತ್ತಿದ್ದ ಹಾಗೆ ಬ್ರಷ್‌ನಲ್ಲಿ ವಾರ್ನಿಶ್ ಬಳಿಯುತ್ತಿದ್ದರು. ಪದರದ ಮೇಲೆ ಪದರ ಒಣಗಲು ವಾರಗಳೇ ಬೇಕು. ಫೋರ್ಡ್ ಕಂಪನಿಯ ಮಾಡೆಲ್ ಟಿ 1914ರಿಂದ 1925ರವರೆಗೆ ಬರೀ ಕಪ್ಪು ಬಣ್ಣದಲ್ಲೇ ಬರುತ್ತಿತ್ತು. 20ರ ದಶಕದಲ್ಲಿ ಅಮೆರಿಕದ ಡುಪಾಂಟ್ ಕಂಪನಿ 'ಡ್ಯೂಕೋ' ಅನ್ನುವ ಸ್ಪ್ರೇ ಲ್ಯಾಕರ್ ತಂದಾಗ ಒಣಗುವ ಕೆಲಸ ಗಂಟೆಗಳಿಗೆ ಇಳಿಯಿತು, ಜನರಲ್ ಮೋಟರ್ಸ್ ನೀಲಿ ಕಾರು ಮಾರಲು ಶುರು ಮಾಡಿತು. ನಮ್ಮಲ್ಲಿ ಆ ಬ್ರಾಂಡಿನ ಹೆಸರೇ ಕೆಲಸದ ಹೆಸರಾಗಿ ಕೂತುಬಿಟ್ಟಿದೆ. ಸ್ಟೀಲ್ ಬೀರುವಿಗೂ 'ಡ್ಯೂಕೋ ಹೊಡೆಸಿದೀವಿ' ಅನ್ನೋರು ನಮ್ಮ ಮನೆಗಳಲ್ಲಿ ಈಗಲೂ ಇದ್ದಾರೆ.

ಸರಿ, ಆ ಬೂದಿ ಯಾಕೆ ಬರುತ್ತೆ? ಬಣ್ಣ ಅಂದರೆ ಪುಡಿ ಮತ್ತು ಅದನ್ನು ಹಿಡಿದಿಡುವ ಅಂಟು. ಬಿಸಿಲಿನ ಅತಿನೇರಳೆ ಕಿರಣ ಅಂಟನ್ನು ತಿನ್ನುತ್ತೆ, ಪುಡಿ ಸಡಿಲವಾಗಿ ಮೇಲೆ ಉಳಿಯುತ್ತೆ. ಬೆರಳಿಗೆ ಸೀಮೆಸುಣ್ಣದ ಹಾಗೆ ಹತ್ತುವುದು ಅದೇ. ಮೇಲ್ಮೈ ಒರಟಾದಾಗ ಬೆಳಕು ಒಂದೇ ದಿಕ್ಕಿಗೆ ವಾಪಸ್ ಹೋಗದೆ ಚೆಲ್ಲಾಪಿಲ್ಲಿ ಆಗುತ್ತೆ, ನಮ್ಮ ಕಣ್ಣಿಗೆ ಮಂಕು. ಪಾಲಿಶ್ ಅಂದರೆ ಹೊಳಪು ಹಚ್ಚುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಒರಟನ್ನು ಸಮ ಮಾಡಲು ಒಂದಿಷ್ಟು ಬಣ್ಣವನ್ನು ತೆಗೆಯುವುದೇ ಪಾಲಿಶ್. ಪ್ರತಿ ಸಲ ತೆಗೆದಷ್ಟೂ ಕಮ್ಮಿ ಆಗುತ್ತೆ. ಭಾಯ್ ಮಾತಿನಲ್ಲಿ, 'ಚರ್ಮ ಇದ್ದಂಗೆ ಸಾರ್. ನಮ್ಮದು ಮತ್ತೆ ಬೆಳೀತದೆ, ಇದು ಬೆಳೆಯಲ್ಲ.'

ಎರಡನೇ ದಿನ ಪೂರ್ತಿ ಎಣ್ಣೆಸ್ನಾನ. ಉತ್ಪ್ರೇಕ್ಷೆ ಅಲ್ಲ. ಒಣಗಿ ಹೋದ ಹಳೇ ಬಣ್ಣಕ್ಕೆ ನೇರವಾಗಿ ಮೆಷಿನ್ ಹಾಕಿದರೆ ಪುಡಿ ಪುಡಿಯಾಗಿ ಎದ್ದು ಬರುತ್ತೆ. ಅದಕ್ಕೆ ಎಣ್ಣೆ ಅಂಶ ಜಾಸ್ತಿ ಇರುವ, ಉಜ್ಜುವ ಪುಡಿ ಇಲ್ಲದ ಗ್ಲೇಜ್ ಅನ್ನು ಟರ್ಕಿ ಟವೆಲ್ ತುಂಡಿನಲ್ಲಿ ದಂಡಿಯಾಗಿ ತಗೊಂಡು, ಅಂಗೈ ಒತ್ತಿ ಒತ್ತಿ ತಿಕ್ಕಿ, ರಾತ್ರಿಯಿಡೀ ಹಾಗೇ ಬಿಟ್ಟರು. ದೀಪಾವಳಿಗೆ ಅಜ್ಜಿ ನೆತ್ತಿಗೆ ಹರಳೆಣ್ಣೆ ತಟ್ಟಿ ಕೂರಿಸುತ್ತಿದ್ದರಲ್ಲ, ಅದೇ ಕ್ರಮ. ಬೆಳಿಗ್ಗೆ ಒರೆಸಿದಾಗ ಟವೆಲ್ ತುಂಬಾ ಸತ್ತ ಬಣ್ಣ. ಬಾನೆಟ್ ಮೇಲೆ ಆ ಎಳನೀರಿನ ಹಸಿರು ನಿಧಾನವಾಗಿ ಕಣ್ಣು ಬಿಟ್ಟಿತ್ತು. ಇನ್ನೂ ಹೊಳಪಿಲ್ಲ, ಆದರೆ ಬಣ್ಣ ಬಂದಿತ್ತು. (ಮನೆಯಲ್ಲಿ ಕೊಬ್ಬರಿ ಎಣ್ಣೆ ಇದೆಯಲ್ಲ ಅಂತ ಹಚ್ಚಲು ಹೋಗಬೇಡಿ. ತಿಪಟೂರಿನವನಾಗಿ ನನಗೂ ಈ ಯೋಚನೆ ಬಂದಿತ್ತು. ಅವತ್ತು ಹೊಳೆಯುತ್ತೆ, ಮಾರನೇ ದಿನದಿಂದ ಊರ ಧೂಳೆಲ್ಲ ಅದಕ್ಕೇ.)

ಆ ದಿನ ಗಲ್ಲಿಯಲ್ಲಿ ತಿರುಗಾಡಲು ಸಮಯ ಸಿಕ್ಕಿತು. ಎರಡು ಶೆಡ್ ಆಚೆ ಒಬ್ಬರು ಫಿಯೆಟ್, ಅಂಬಾಸಿಡರ್‌ಗಳ ಬಾಗಿಲ ರಬ್ಬರ್ ಬೀಡಿಂಗ್ ಮಾತ್ರ ಮಾರ್ತಾರೆ, ಬೇರೇನೂ ಇಲ್ಲ. ಅವರ ಪಕ್ಕದವರು ಹಳೇ ಸ್ಪೀಡೋಮೀಟರ್ ಬಿಚ್ಚಿ ಕೂರಿಸುವವರು, ಟೇಬಲ್ ಮೇಲೆ ಗಡಿಯಾರದಂಥ ಚಕ್ರಗಳು. ಬ್ರಷ್, ಸ್ಕ್ರೂ, ಹತ್ಯಾರಕ್ಕೆ ಎಸ್.ಜೆ.ಪಿ. ರಸ್ತೆ ನಡೆದು ಹೋಗುವಷ್ಟು ಹತ್ತಿರ. ಎಲ್ಲೂ ಸಿಗದ ಭಾಗ ಬೇಕಾದರೆ ಎಲ್ಲರೂ ತೋರಿಸುವುದು ಶಿವಾಜಿನಗರದ ಗುಜರಿ ಕಡೆಗೆ. ಮಧ್ಯಾಹ್ನ ಮಿನರ್ವ ಸರ್ಕಲ್ ದಾಟಿ ಲಾಲ್‌ಬಾಗ್ ರಸ್ತೆಯ ಎಂಟಿಆರ್‌ವರೆಗೂ ನಡೆದೆ. ಕ್ಯೂ ನೋಡಿ ವಾಪಸ್ ಬಂದು ಗಲ್ಲಿಯಲ್ಲೇ ಪರೋಟ ತಿಂದೆ.

ಒಂದು ವಿಷಯ ಮನಸ್ಸಿಗೆ ಚುಚ್ಚಿತು. ಪಕ್ಕದ ಶೆಡ್ಡಿನಲ್ಲಿ ಒಬ್ಬ ಹುಡುಗ, ಇಪ್ಪತ್ತು ಇರಬೇಕು, ಹೊಸ ಕಾರೊಂದಕ್ಕೆ ಸ್ಪ್ರೇ ಹೊಡೆಯುತ್ತಿದ್ದ. ಮೂಗಿಗೆ ಕಟ್ಟಿದ್ದು ಕರ್ಚೀಫು. ಈಗಿನ ಟು-ಕೆ ಪೇಂಟುಗಳ ಹಾರ್ಡನರ್‌ನಲ್ಲಿ ಐಸೋಸೈಯನೇಟ್ ಇರುತ್ತೆ. ಕೆಲಸದಿಂದ ಬರುವ ಆಸ್ತಮಾಕ್ಕೆ ದೊಡ್ಡ ಕಾರಣಗಳಲ್ಲಿ ಅದೂ ಒಂದು. ಕರ್ಚೀಫು ಅದನ್ನು ತಡೆಯುವುದಿಲ್ಲ. ಭಾಯ್ ಸ್ಪ್ರೇ ಬಿಟ್ಟು ಬರೀ ಪಾಲಿಶ್‌ಗೆ ನಿಂತದ್ದೂ ಕೆಮ್ಮಿನಿಂದಲೇ. ಅವರ ಮಗ ಈ ಕೆಲಸಕ್ಕೆ ಬಂದಿಲ್ಲ, ಅವರಿಗೂ ಬರುವುದು ಬೇಡ. ನಮ್ಮ ಕಾರು ಫಳಫಳ ಅನ್ನಬೇಕು ಅಂತ ನಾವು ಕೊಡುವ ದುಡ್ಡಿನಲ್ಲಿ ಒಂದು ಸರಿಯಾದ ಮಾಸ್ಕಿಗೂ ಜಾಗ ಇರಬೇಕಲ್ಲವಾ? ಬಿಲ್ಲಿನಲ್ಲಿ ಚೌಕಾಶಿ ಮಾಡುವ ಮುಂಚೆ ಇದನ್ನೊಂದು ಸಲ ನೋಡಿ.

ಮೂರನೇ ದಿನ ಮೆಷಿನ್. ಅದಕ್ಕೂ ಮುಂಚೆ ಒಂದು ಗಂಟೆ ಟೇಪ್ ಅಂಟಿಸುವ ಕೆಲಸ. ಬಾನೆಟ್ಟಿನ ಅಂಚು, ಬಾಗಿಲಿನ ಏಣು, ಎಲ್ಲೆಲ್ಲಿ ತಗಡು ಮಡಿಚಿದೆಯೋ ಅಲ್ಲೆಲ್ಲ ಬಣ್ಣ ತೆಳುವಾಗಿ ಕೂತಿರುತ್ತೆ, ಬಫ್ ಚಕ್ರ ಮೊದಲು ಕಡಿಯುವುದೂ ಅಲ್ಲೇ. ಡಿಕ್ಕಿಯ ಹತ್ತಿರ ಬಂದಾಗ ಭಾಯ್ ನಿಂತರು. ಕನ್ನಡ ಓದಲು ಬರುತ್ತೆ ಅವರಿಗೆ.

'ಯಾರು ಬರೆದಿದ್ದು?'

'ನಮ್ಮ ತಾತ.'

'ಪೇಂಟರ್ ಅಲ್ಲ ಅಂತ ಗೊತ್ತಾಗ್ತದೆ. ಆದ್ರೆ ಕೈ ನಡುಗಿಲ್ಲ.'

ಆ ಅಕ್ಷರಗಳು ಬೇರೆ ಬಣ್ಣ, ಬ್ರಷ್‌ನಲ್ಲಿ ಬರೆದ ಎನಾಮೆಲ್. ಹಸಿರಿಗಿಂತ ಎದ್ದು ನಿಂತಿವೆ. ಅವುಗಳ ಮೇಲೆ ಪ್ಯಾಡ್ ಹೋದರೆ ಮೊದಲು ಸವೆಯುವುದು ಅವೇ. ಅಕ್ಷರ ಅಕ್ಷರಕ್ಕೂ ಸುತ್ತ ಬಿಡಿಸಿ ಉಜ್ಜಲು ಆಗುವುದಿಲ್ಲ. ಇರೋದು ಎರಡೇ ದಾರಿ ಅಂದರು. ಒಂದು, ಫೋಟೋ ತೆಗೆದು, ಅಳಿಸಿ, ಪಾಲಿಶ್ ಮಾಡಿ, ಅದೇ ಅಕ್ಷರವನ್ನು ಪೇಂಟರ್ ಕೈಲಿ ಮತ್ತೆ ಬರೆಸುವುದು; ಯಾರಿಗೂ ವ್ಯತ್ಯಾಸ ತಿಳಿಯಲ್ಲ. ಎರಡು, ಸುತ್ತ ಚೌಕ ಟೇಪ್ ಹಾಕಿ ಅಷ್ಟು ಜಾಗವನ್ನು ಹಾಗೇ ಬಿಡುವುದು; ಆಗ ಹೊಳೆಯುವ ಡಿಕ್ಕಿಯ ನಡುವೆ ಒಂದು ಮಂಕು ಚೌಕ ಕಾಣುತ್ತೆ. ಮಾವನ ಮಗನಿಗೆ ವಿಡಿಯೋ ಕಾಲ್ ಮಾಡಿದೆ. 'ಅಳಿಸಿ ಬರೆಸು, ನೀಟಾಗಿರುತ್ತೆ' ಅಂದ. ಫೋನ್ ಮಾವನ ಕೈಗೆ ಹೋಯಿತು. ಅವರು ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿ, 'ಅಪ್ಪ ಬರೆದದ್ದು ಹಂಗೇ ಇರಲಿ ಬಿಡೋ' ಅಂದರು. ಮದುವೆಯ ವಿಷಯದಲ್ಲಿ ಅಲ್ಲಿಯತನಕ ಅವರು ಆಡಿದ ಮೊದಲ ಖಡಕ್ ಮಾತು ಅದು. ಭಾಯ್ ಟೇಪ್ ಹರಿದರು.

ಬಫಿಂಗ್ ನೋಡುವುದಕ್ಕೆ ಚೆನ್ನಾಗಿರುತ್ತೆ, ವಿವರಿಸಲು ಏನೂ ಇಲ್ಲ. ಎರಡಡಿ ಚೌಕದಷ್ಟು ಜಾಗ, ಮೃದುವಾದ ಸ್ಪಂಜಿನ ಪ್ಯಾಡ್, ತೆಳು ಪಾಲಿಶ್, ಕಡಿಮೆ ವೇಗ, ನೆರಳು. ಪ್ರತಿ ಸುತ್ತಿಗೂ ಅಂಗೈ ಹಿಂಭಾಗ ಇಟ್ಟು ಬಿಸಿ ನೋಡ್ತಾರೆ. ಲ್ಯಾಕರ್ ಬಿಸಿಗೆ ಮೆತ್ತಗಾಗುತ್ತೆ. ಬಿಳಿ ಪ್ಯಾಡ್ ಹಸಿರಾಗುತ್ತಲೇ ಇರುತ್ತೆ, ತೊಳೆಯುತ್ತಲೇ ಇರಬೇಕು. ಸಿಲಿಕೋನ್ ಇರುವ ಯಾವ ಸ್ಪ್ರೇಯನ್ನೂ ಶೆಡ್ಡಿನೊಳಗೆ ಬಿಡಲ್ಲ. ಅದರ ಅಂಶ ತಗಡಿನ ಮೇಲೆ ಉಳಿದರೆ ಮುಂದೆ ಪೇಂಟ್ ಹೊಡೆದಾಗ ಮೀನಿನ ಕಣ್ಣಿನಂಥ ಗುಂಡಿಗಳು ಬೀಳ್ತವೆ.

ಬಾನೆಟ್ಟಿನ ಎಡ ಮೂಲೆಗೆ ಬಂದಾಗ ಮೆಷಿನ್ ನಿಲ್ಲಿಸಿದರು. ಅಲ್ಲೊಂದು ಗೀರು, ಗೇಣುದ್ದ. ಹಸಿರಿನ ಅಡಿಯಿಂದ ಬೂದು ಪ್ರೈಮರಿನ ನೆರಳು ಆಗಲೇ ಇಣುಕುತ್ತಿತ್ತು. ಇನ್ನೆರಡು ಸುತ್ತು ಹೊಡೆದರೆ ಗೀರು ಹೋಗಬಹುದು ಅನ್ನಿಸಿ ಹಾಗೇ ಹೇಳಿದೆ. 'ಗೀರು ಹೋಗ್ತದೆ, ಬಣ್ಣಾನೂ ಹೋಗ್ತದೆ. ಇಲ್ಲಿಗೆ ಸಾಕು.' ಮೆಷಿನ್ ವೈರ್ ಕಿತ್ತೇಬಿಟ್ಟರು. ಈ 'ಸಾಕು' ಅನ್ನುವುದಕ್ಕೇ ನಾವು ದುಡ್ಡು ಕೊಡುವುದು ಅಂತ ಆಮೇಲೆ ಅನ್ನಿಸಿತು. ಹೊಳಪು ಕೊಡುವವರು ಬೇಕಾದಷ್ಟು ಜನ ಸಿಗ್ತಾರೆ.

ನಾಲ್ಕನೇ ದಿನ ಮೇಣ. ಕಾರ್ನಾಬಾ ಅಂತ, ಬ್ರೆಜಿಲ್‌ನ ಒಂದು ಜಾತಿ ತಾಳೆಯ ಗರಿಯಿಂದ ಬರುವ ಗಟ್ಟಿ ಮೇಣ. ಕರಗಲು 80 ಡಿಗ್ರಿಗೂ ಹೆಚ್ಚು ಬಿಸಿ ಬೇಕು. ತೆಳುವಾಗಿ ಹಚ್ಚಿ ಒರೆಸಿದರು. ಚೌಕದೊಳಗಿನ ತಾತನ ಅಕ್ಷರದ ಮೇಲೂ ಬರೀ ಬೆರಳಿನಿಂದ ಒಂದು ಸವರು. ಒಟ್ಟು 9,000 ರೂಪಾಯಿ ಆಯಿತು, ಮೇಣ, ಗ್ಲೇಜ್ ಎಲ್ಲ ಸೇರಿ.

ಮಾವನ ಮಗ ಕಾರು ಒಯ್ಯಲು ಬಂದವನು ಸುತ್ತ ಎರಡು ಸಲ ತಿರುಗಿದ. ಎಡಗಡೆ ಮಡ್‌ಗಾರ್ಡ್ ಉಳಿದ ಮೈಗಿಂತ ಒಂದು ಛಾಯೆ ಗಾಢ, ಬಾನೆಟ್ ಮೇಲೆ ಗೀರು, ಹಿಂದೆ ಮಂಕು ಚೌಕ. ಎಲ್ಲವನ್ನೂ ಒಂದೊಂದಾಗಿ ತೋರಿಸಿದ. ಆಮೇಲೆ ಟಾಪ್ ಮೇಲೆ ಬಗ್ಗಿದ. ಗಲ್ಲಿಯ ವಿದ್ಯುತ್ ತಂತಿಗಳು, ಆಕಾಶ, ಅವನ ಮುಖ ಎಲ್ಲ ಅದರಲ್ಲಿ ಕಾಣುತ್ತಿದ್ದವು. ಕೆಂಪಿನ ಮಾತು ಆಮೇಲೆ ಬರಲಿಲ್ಲ. ಅಳಿಸಿ ಬರೆಸಬಹುದಿತ್ತು ಅನ್ನುವುದನ್ನು ಮಾತ್ರ ಈಗಲೂ ಅಂತಾನೆ.

ಹಳೇ ಕಾರುಗಳ ಇನ್ನೊಂದು ಮುಖ ನೋಡಬೇಕಿದ್ದರೆ ಶ್ರೀರಂಗಪಟ್ಟಣದ ಹತ್ತಿರ, ಮೈಸೂರು ಹೆದ್ದಾರಿಯಲ್ಲಿ, 'ಪಯಣ' ಅನ್ನುವ ಕಾರುಗಳ ಸಂಗ್ರಹಾಲಯ ಇದೆ. ಧರ್ಮಸ್ಥಳದ ಸಂಗ್ರಹದ ಗಾಡಿಗಳು ಅಲ್ಲಿವೆ. ಪಾಲಿಶ್ ಮಾಡಿದ ಕಾರು ಮತ್ತು ಹೊಸದಾಗಿ ಪೇಂಟ್ ಹೊಡೆದ ಕಾರು ಬೇರೆ ಬೇರೆ ಅಂತ ತಿಳಿದು ನೋಡಿದರೆ ಅಂಥ ಜಾಗದಲ್ಲಿ ಅರ್ಧ ದಿನ ಹೋಗಿದ್ದೇ ಗೊತ್ತಾಗಲ್ಲ. ಮನೆಯಲ್ಲಿ 50 ವರ್ಷ ದಾಟಿದ ಗಾಡಿ ಇದ್ದವರಿಗೆ ಇನ್ನೊಂದು ಮಾತು. 2021ರ ಕೇಂದ್ರ ನಿಯಮದಲ್ಲಿ ಇವಕ್ಕೆ ವಿಂಟೇಜ್ ನೋಂದಣಿ ಬಂದಿದೆ. ನಂಬರಿನಲ್ಲಿ ರಾಜ್ಯದ ಅಕ್ಷರದ ನಂತರ 'ವಿಎ' ಬರುತ್ತೆ. ನಿಯಮದಲ್ಲಿರುವ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಆಮೇಲೆ ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ ಇಷ್ಟಕ್ಕೇ. ಮದುವೆ ದಿಬ್ಬಣದ ಆಸೆ ಇದ್ದರೆ ಅರ್ಜಿ ಹಾಕುವ ಮುಂಚೆ ಯೋಚಿಸಿ. ಮಾವ ಸದ್ಯಕ್ಕೆ ಹಾಕಿಲ್ಲ.

ಗಲ್ಲಿಗೆ ಹೋಗುವುದಾದರೆ ಮೆಟ್ರೋದಲ್ಲೇ ಹೋಗಿ, ಹಸಿರು ಮಾರ್ಗದ ನ್ಯಾಷನಲ್ ಕಾಲೇಜು ಅಥವಾ ಕೆ.ಆರ್. ಮಾರ್ಕೆಟ್ ಸ್ಟೇಷನ್. ಕಾರು ತೋರಿಸಲು ಕಾರು ತೆಗೆದುಕೊಂಡು ಹೋಗಬೇಡಿ. ಮೊದಲ ದಿನ ಫೋಟೋ ಸಾಕು, ಪಾರ್ಕಿಂಗ್ ಸಿಗಲ್ಲ. ಬೆಳಿಗ್ಗೆ ಹತ್ತಕ್ಕೆ ಮುಂಚೆ ಯಾರೂ ಶಟರ್ ಎತ್ತಲ್ಲ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಭಾಯ್ ಶೆಡ್ ಮುಚ್ಚಿರುತ್ತೆ, ಮೂರು ಗಂಟೆಯ ಮೇಲೆ ಹೋಗಿ.